ಘಟ್ಟ ಇಳಿದ ಸೆನ್ಸರ್ ಸುಳ್ಳು ಹೇಳಿದರೆ ಎಲ್ಲಿಂದ ಹುಡುಕಬೇಕು

ಮಲ್ಪೆಯಲ್ಲಿ ಬೋಟುಗಳು ನಿಲ್ಲುವ ದಕ್ಕೆ ಮೇಲೆ ನಿಂತಿದ್ದೆ. ಕೈಯಲ್ಲಿ ಸಮುದ್ರದ ತಳದಲ್ಲಿ ಇಡಬೇಕಾದ ಸೆನ್ಸರ್ ಡಬ್ಬ. ಇನ್ನೂ ಒಂದು ಹನಿ ನೀರು ತಾಗಿಲ್ಲ. ಲ್ಯಾಪ್‌ಟಾಪ್ ಪರದೆ ಮಾತ್ರ ಆಳ 0.68 ಮೀಟರ್ ಎಂದು ತೋರಿಸುತ್ತಿದೆ. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಬೋಟ್ ನಡೆಸುವ ತಾಂಡೇಲರು, "ನೀವು ಆಗ್ಲೇ ಮುಳುಗಿ ಆಯ್ತಲ್ಲ ಮಾರಾಯ್ರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಐದು ಡಬ್ಬಗಳನ್ನು ದಾವಣಗೆರೆಯಲ್ಲಿ ಸೊನ್ನೆಗೆ ಕೂರಿಸಿ, ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿ, ಎಲ್ಲ ಸರಿ ಇದೆ ಎಂದು ಬರೆದುಕೊಂಡು ತಂದಿದ್ದೆ. ಈಗ ಐದೂ ಒಟ್ಟಿಗೆ ತಪ್ಪು ಹೇಳುತ್ತಿವೆ.

ಒಟ್ಟಿಗೆ ಎನ್ನುವುದೇ ಸುಳಿವು. ಐದು ಸೆನ್ಸರ್ ಒಂದೇ ದಿನ, ಒಂದೇ ಅಳತೆಗೆ ಕೆಡುವುದಿಲ್ಲ. ಎಲ್ಲವೂ ಒಂದೇ ಥರ ತಪ್ಪಿದರೆ ತಪ್ಪು ನಮ್ಮದು: ನಾವು ಕೊಟ್ಟ ಸಂಖ್ಯೆ, ನಾವು ಮಾಡಿದ ಕ್ಯಾಲಿಬ್ರೇಶನ್, ಅಂದರೆ ಸೆನ್ಸರಿಗೆ ಸರಿ ಅಳತೆ ಕಲಿಸುವ ಕೆಲಸ. ಒಂದೇ ಒಂದು ತಪ್ಪಿದರೆ ಆ ಡಬ್ಬದ್ದು. ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮೊದಲು ಇದೊಂದನ್ನು ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನಮ್ಮಂಥ ಬಯಲುಸೀಮೆಯವರು ಸಮುದ್ರದ ಕೆಲಸಕ್ಕೆ ಡಬ್ಬ ತಯಾರಿಸುವಾಗ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಸಮುದ್ರದಿಂದ ಬಂದದ್ದೇ ಅಲ್ಲ. ಘಟ್ಟದ ಮೇಲೆ ಮಾಡಬೇಕಾದ ಕೆಲಸವನ್ನು ಕೆಳಗೆ, ಕೆಳಗೆ ಮಾಡಬೇಕಾದದ್ದನ್ನು ಮೇಲೆ ಮಾಡಿದ್ದರಿಂದ ಬಂದದ್ದು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಏರ್ಪಾಡು ಹೀಗಿದೆ. ತಳದಲ್ಲಿ ಐದು ನೋಡ್ (ಆ ಡಬ್ಬಗಳಿಗೇ ನೋಡ್ ಎನ್ನುತ್ತೇವೆ), ಆಳ 12ರಿಂದ 18 ಮೀಟರ್. ಪ್ರತಿಯೊಂದರಲ್ಲೂ ಉಷ್ಣತೆ, ಒತ್ತಡ, ಉಪ್ಪಿನಂಶ, ಕರಗಿದ ಆಮ್ಲಜನಕ ಅಳೆಯುವ ಸೆನ್ಸರ್. ಮೇಲೆ ತೇಲುವ ಒಂದು ಬೋಯ್. ರೇಡಿಯೊ ಅಲೆ ಉಪ್ಪುನೀರಿನಲ್ಲಿ ದೂರ ಹೋಗುವುದಿಲ್ಲ, ವೈಫೈ ಆದರೆ ಕೆಲವೇ ಸೆಂಟಿಮೀಟರಿಗೆ ಸತ್ತುಹೋಗುತ್ತದೆ. ಹಾಗಾಗಿ ನೋಡ್‌ಗಳು ಬೋಯ್ ಜೊತೆ ಮಾತಾಡುವುದು ಶಬ್ದದಲ್ಲಿ. 25 ಕಿಲೋಹರ್ಟ್ಸ್ ಆಸುಪಾಸಿನ ಮೋಡೆಮ್, ವೇಗ ಸೆಕೆಂಡಿಗೆ ಕೆಲವು ನೂರು ಬಿಟ್. ಬೋಯ್‌ನಲ್ಲಿ ಸಿಮ್ ಇದೆ, ಅಲ್ಲಿಂದ ದಾವಣಗೆರೆಗೆ ಡೇಟಾ ಬರುತ್ತದೆ.

ಏನೂ ಬರುತ್ತಿಲ್ಲ ಎಂದರೆ

ಮೊದಲು ಸಮುದ್ರದ ತಳವನ್ನು ಮರೆತುಬಿಡಿ. ಐದೂ ನೋಡ್ ಒಮ್ಮೆಲೇ ಮೌನವಾದರೆ ದೋಷ ಬೋಯ್‌ನಲ್ಲಿದೆ. ಸಿಮ್‌ನ ವ್ಯಾಲಿಡಿಟಿ ಮುಗಿದಿದೆಯಾ ನೋಡಿ. ನಗಬೇಡಿ, ನಾನು ಒಮ್ಮೆ ಎರಡು ದಿನ ಕೋಡ್ ಓದುತ್ತಾ ಕೂತು ಕೊನೆಗೆ ರೀಚಾರ್ಜ್ ಮಾಡಿಸಿದ್ದೇನೆ. ಆಮೇಲೆ ಸೋಲಾರ್ ಪ್ಯಾನೆಲ್. ನೀರಿನ ಮಧ್ಯೆ ಕೂರಲು ಹಕ್ಕಿಗಳಿಗೆ ಸಿಗುವ ಒಂದೇ ಜಾಗ ಅದು. ಹಿಕ್ಕೆ ಬಿದ್ದು ಬಿದ್ದು ಪ್ಯಾನೆಲ್ ಸುಣ್ಣ ಬಳಿದ ಹಾಗಾಗುತ್ತದೆ. ಬ್ಯಾಟರಿ ವೋಲ್ಟೇಜಿನ ಗ್ರಾಫ್ ವಾರದುದ್ದಕ್ಕೂ ದಿನಕ್ಕಿಷ್ಟು ಅಂತ ಇಳಿದಿದ್ದರೆ ಇದೇ ಕಾರಣ. ಒಮ್ಮೆಲೇ ಕಡಿದುಹೋಗಿದ್ದರೆ ಆಂಟೆನಾ ಅಥವಾ ಕನೆಕ್ಟರ್.

ಬೋಯ್‌ನ ಜಿಪಿಎಸ್ ಜಾಗ ಬದಲಾಗುತ್ತಿದೆಯೇ? ಹಾಗಿದ್ದರೆ ಹಗ್ಗ ತುಂಡಾಗಿದೆ ಅಥವಾ ಬಲೆಗೆ ಸಿಕ್ಕಿದೆ. ಬೋಟಿನವರಿಗೆ ಫೋನ್ ಮಾಡಿ, ಬೇರೆ ದಾರಿ ಇಲ್ಲ.

ಆಳ ತಪ್ಪು ತೋರಿಸಿದರೆ

ಮತ್ತೆ ಆ 0.68ಕ್ಕೆ ಬರೋಣ. ಒತ್ತಡದ ಸೆನ್ಸರಿಗೆ ಆಳ ಗೊತ್ತಿಲ್ಲ. ಮೇಲಿರುವ ನೀರು ಮತ್ತು ಗಾಳಿ ಎರಡರ ಭಾರವೂ ಸೇರಿ ಎಷ್ಟು ಎಂಬುದಷ್ಟೇ ಗೊತ್ತು. ಗಾಳಿಯ ಭಾರವನ್ನು ನಾವು ಕಳೆದು ಕೊಡಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 943 ಹೆಕ್ಟೊಪ್ಯಾಸ್ಕಲ್ ಆಸುಪಾಸು, ಮಲ್ಪೆಯಲ್ಲಿ 1010ರ ಹತ್ತಿರ. ನಡುವಿನ 67 ಹೆಕ್ಟೊಪ್ಯಾಸ್ಕಲ್ ಎಂದರೆ 68 ಸೆಂಟಿಮೀಟರ್ ನೀರಿನ ಭಾರ. ನಾನು ಇಲ್ಲಿ ಸೊನ್ನೆ ಮಾಡಿ ಆಗುಂಬೆ ಇಳಿದೆ. ಡಬ್ಬದ ಲೆಕ್ಕದಲ್ಲಿ ನಾನು ಗಾಳಿಯೊಳಗೇ 68 ಸೆಂಟಿಮೀಟರ್ ಮುಳುಗಿದ್ದೆ. ತಾಂಡೇಲರು ಹೇಳಿದ್ದೇ ಸರಿ! ಚಿತ್ರದುರ್ಗದಲ್ಲಿ ಸೊನ್ನೆ ಮಾಡಿದ್ದರೆ ಇನ್ನೂ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಜಾಸ್ತಿ ಬರುತ್ತಿತ್ತು, ಅದು 730 ಮೀಟರ್ ಎತ್ತರದ ಊರು.

ಮಾರಿಕಣಿವೆಯಲ್ಲಿ ಇದು ಯಾಕೆ ಸಿಗಲಿಲ್ಲ? ಹಿರಿಯೂರಿಗೂ ದಾವಣಗೆರೆಗೂ ಎತ್ತರದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಲ್ಲಿ ಸೊನ್ನೆ ಸೊನ್ನೆಯೇ ಆಗಿತ್ತು.

ಇದರ ಜೊತೆಗೇ ಇನ್ನೊಂದು ತಪ್ಪು ಅಡಗಿ ಕೂತಿರುತ್ತದೆ. ಒತ್ತಡವನ್ನು ಆಳಕ್ಕೆ ಬದಲಾಯಿಸುವಾಗ ನೀರಿನ ಸಾಂದ್ರತೆ ಬೇಕು. ಕೆರೆಯ ಪರೀಕ್ಷೆಗೆಂದು ಘನ ಮೀಟರಿಗೆ 1000 ಕೆಜಿ ಎಂದು ಕೊಟ್ಟಿರುತ್ತೀರಿ. ಸಮುದ್ರದ್ದು 1022ರಿಂದ 1025. ಈ ಎರಡು ತಪ್ಪುಗಳನ್ನೂ ಬೇರೆ ಮಾಡುವ ದಾರಿ ಸುಲಭ. ಅಲೆ ಕಡಿಮೆ ಇರುವ ಹೊತ್ತಿನಲ್ಲಿ, ಗುರುತು ಹಾಕಿದ ಹಗ್ಗಕ್ಕೆ ಡಬ್ಬ ಕಟ್ಟಿ 5 ಮೀಟರಿಗೆ ಒಮ್ಮೆ, 15 ಮೀಟರಿಗೆ ಒಮ್ಮೆ ಇಳಿಸಿ ಓದಿ. ಎರಡು ಕಡೆಯೂ ತಪ್ಪು ಒಂದೇ ಇದ್ದರೆ ಅದು ಎತ್ತರದ ತಪ್ಪು. ಆಳಕ್ಕೆ ತಕ್ಕಂತೆ ಬೆಳೆಯುತ್ತಾ ಹೋದರೆ ಸಾಂದ್ರತೆಯದು. ನನಗೆ 5ಕ್ಕೆ ಸುಮಾರು 80 ಸೆಂಟಿಮೀಟರ್ ಜಾಸ್ತಿ ಬಂತು, 15ಕ್ಕೆ ಒಂದು ಮೀಟರ್ ಜಾಸ್ತಿ. ಅಂದರೆ ಎರಡೂ ಇದ್ದವು.

ಸೊನ್ನೆ ಮಾಡುವುದು ದಕ್ಕೆಯ ಮೇಲೆ, ಬೋಟ್ ಹತ್ತುವ ಮೊದಲು. ನೆರಳಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಮಾಡಿ. ಜೀಪಿನ ಡಿಕ್ಕಿಯಲ್ಲಿ ಕಾದ ಡಬ್ಬವನ್ನು ಹಾಗೇ ಸೊನ್ನೆ ಮಾಡಿದರೆ ಬಿಸಿಯ ತಪ್ಪನ್ನೂ ಸೇರಿಸಿದ ಹಾಗೆ.

ನೋಡ್ ಕೂತ ಮೇಲೂ ಆಳದ ಸಂಖ್ಯೆ ಬಹಳ ವಿಷಯ ಹೇಳುತ್ತದೆ. ಭರತ ಇಳಿತಕ್ಕೆ ತಕ್ಕಂತೆ ದಿನಕ್ಕೆ ಎರಡು ಸಲ ಏರಿ ಇಳಿಯಲೇಬೇಕು. ಏರಿಳಿತವೇ ಇಲ್ಲದೆ ಗೆರೆ ನೆಟ್ಟಗಿದ್ದರೆ ಸೆನ್ಸರಿನ ಬಾಯಿ ಕೆಸರಿನಿಂದ ಕಟ್ಟಿದೆ. ಏರಿಳಿತ ಇದ್ದು ಅದರ ಸರಾಸರಿ ಮಾತ್ರ ವಾರಕ್ಕಿಷ್ಟು ಅಂತ ಹೆಚ್ಚುತ್ತಿದ್ದರೆ ನೋಡ್ ಕೆಸರಿನಲ್ಲಿ ಹೂತುಹೋಗುತ್ತಿದೆ. ಒಂದು ರಾತ್ರಿಯಲ್ಲಿ ಧಡಕ್ಕನೆ ಬದಲಾದರೆ ಯಾವುದೋ ಬಲೆ ಎಳೆದಿದೆ.

ನಮ್ಮದೊಂದು ನೋಡ್ ಮೊದಲ ವಾರವೇ ಜಾಗ ಬಿಟ್ಟು ಸರಿದಿತ್ತು. ಬಲೆಯ ತಪ್ಪಲ್ಲ, ನಾನು ನೋಡಿಗೆ ಕಟ್ಟಿದ ತೂಕದ ತಪ್ಪು. ಮಾರಿಕಣಿವೆಯ ಸಿಹಿನೀರಿನಲ್ಲಿ ಸರಿಯಾಗಿ ಕೂತ 40 ಲೀಟರ್ ಗಾತ್ರದ ಜೋಡಣೆಗೆ ಉಪ್ಪುನೀರು ಒಂದು ಕೆಜಿ ಜಾಸ್ತಿ ಎತ್ತುವ ಬಲ ಕೊಡುತ್ತದೆ. ತೂಕಕ್ಕೆ ಕಟ್ಟುವ ಕಾಂಕ್ರೀಟ್ ಕಲ್ಲಿನ ಲೆಕ್ಕವೂ ಮೋಸ ಮಾಡುತ್ತದೆ, 50 ಕೆಜಿಯ ಕಲ್ಲು ನೀರೊಳಗೆ 29 ಕೆಜಿ ಅಷ್ಟೇ ತೂಗುತ್ತದೆ.

ಆಮ್ಲಜನಕ 107 ಎಂದರೆ ಖುಷಿಪಡಬೇಡಿ

ಆಳದ ತಪ್ಪು ಸಿಕ್ಕ ಮೇಲೂ ನಾನು ಇದರಲ್ಲಿ ಬಿದ್ದೆ. ಮೊದಲ ದಿನ ನೀರಿನ ಮೇಲ್ಪದರದಲ್ಲಿ ಆಮ್ಲಜನಕ ಶೇಕಡಾ 107 ಬಂತು (ಗಾಳಿಯಿಂದ ನೀರು ಹಿಡಿಯಬಲ್ಲಷ್ಟನ್ನು ನೂರು ಎಂದಿಟ್ಟ ಲೆಕ್ಕ). ನಮ್ಮ ಜೊತೆ ಇದ್ದ ಹುಡುಗ, "ಸರ್, ಸಸ್ಯ ಪ್ಲವಕ ಜೋರಾಗಿ ಬೆಳೆದಿರಬೇಕು" ಎಂದ. ಆ ಮಾತಲ್ಲಿ ತಪ್ಪಿಲ್ಲ. ಬಿಸಿಲಲ್ಲಿ ಪಾಚಿ ಹೆಚ್ಚಾದಾಗ ನೂರರ ಮೇಲೆ ಹೋಗುವುದು ನಿಜವೇ. ಆದರೆ ರಾತ್ರಿ ಎರಡು ಗಂಟೆಗೂ 107 ಇತ್ತು. ರಾತ್ರಿ ಯಾವ ಗಿಡ ಆಮ್ಲಜನಕ ಬಿಡುತ್ತದೆ ಹೇಳಿ?

ಈ ಸೆನ್ಸರಿಗೆ ಒದ್ದೆ ಗಾಳಿಯಲ್ಲಿ ನೂರು ಎಂದು ಕಲಿಸುತ್ತೇವೆ. ಸ್ಟೀಲ್ ಡಬ್ಬಿಯೊಳಗೆ ಒದ್ದೆ ಬಟ್ಟೆ ಹಾಕಿ, ಸೆನ್ಸರ್ ತೂಗುಬಿಟ್ಟು, ಅಂದಿನ ಗಾಳಿಯ ಒತ್ತಡ ಎಷ್ಟು ಎಂದು ಸಾಫ್ಟ್‌ವೇರಿಗೆ ಹೇಳಬೇಕು. ನಾನು ಫೋನಿನ ಹವಾಮಾನ ಆ್ಯಪ್ ನೋಡಿ 1010 ಎಂದು ಹೊಡೆದೆ. ಅಲ್ಲೇ ಎಡವಿದ್ದು. ಆ ಆ್ಯಪ್‌ಗಳು ಯಾವ ಊರಿನ ಒತ್ತಡವನ್ನಾದರೂ ಸಮುದ್ರಮಟ್ಟಕ್ಕೆ ಇಳಿಸಿ ತೋರಿಸುತ್ತವೆ. ದಾವಣಗೆರೆಯಲ್ಲಿ ಕೂತು ನೋಡಿದರೂ 1010, ಮಲ್ಪೆಯಲ್ಲೂ 1010. ನಮಗೆ ಬೇಕಾದದ್ದು ನಾವು ಕೂತ ಜಾಗದ ನಿಜವಾದ ಒತ್ತಡ. ಫೋನಿನಲ್ಲೇ ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಅದು 943 ತೋರಿಸುತ್ತದೆ, ಅದನ್ನು ಕೊಡಬೇಕಿತ್ತು.

ಪರೀಕ್ಷೆ ಹೀಗೆ ಮಾಡಿ. ದಕ್ಕೆಯ ಮೇಲೆ ಅದೇ ಒದ್ದೆ ಬಟ್ಟೆಯ ಡಬ್ಬಿಯಲ್ಲಿ ಸೆನ್ಸರ್ ಇಟ್ಟು ಕಾಯಿರಿ. ನೂರರ ಹತ್ತಿರ ಬಂದರೆ ಸಮುದ್ರದ ಓದು ನಿಜ. ಅಲ್ಲೂ 107 ಬಂದರೆ ಕ್ಯಾಲಿಬ್ರೇಶನ್ ತಪ್ಪು. ನನಗೆ ಅಲ್ಲೂ 107 ಬಂತು.

ಶೇಕಡಾವಾರು ಸರಿ ಇದ್ದು, ಲೀಟರಿಗೆ ಎಷ್ಟು ಮಿಲಿಗ್ರಾಂ ಎನ್ನುವ ಸಂಖ್ಯೆ ಮಾತ್ರ ಜಾಸ್ತಿ ಬಂದರೆ ಕಾರಣ ಬೇರೆ. ಉಪ್ಪಿನಂಶದ ಜಾಗದಲ್ಲಿ ಇನ್ನೂ ಸೊನ್ನೆ ಇರುತ್ತದೆ, ಕೆರೆಯ ಪರೀಕ್ಷೆಯಿಂದ ಉಳಿದದ್ದು. 28 ಡಿಗ್ರಿಯ ಸಿಹಿನೀರು ಲೀಟರಿಗೆ 7.8 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಆರೂವರೆಯ ಹತ್ತಿರ ಮಾತ್ರ ಹಿಡಿಯುತ್ತದೆ.

ಕಡಿಮೆ ಬಂದಾಗಲೂ ತಕ್ಷಣ ಸೆನ್ಸರನ್ನು ಬೈಯಬೇಡಿ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ದಡದ ಕಡೆಗೆ ಏರಿ ಬರುತ್ತದೆ. ತಳದ ನೋಡ್‌ಗಳಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಸಂಖ್ಯೆ ಪಾತಾಳಕ್ಕೆ ಹೋಗಬಹುದು, ಅದು ನಿಜವೇ ಇರಬಹುದು. ಉಷ್ಣತೆಯ ಗೆರೆ ಪಕ್ಕದಲ್ಲಿಟ್ಟು ನೋಡಿ. ಎರಡೂ ಜೊತೆಯಾಗಿ ಇಳಿದರೆ ಸಮುದ್ರ ಬದಲಾಗಿದೆ. ಉಷ್ಣತೆ ಹಾಗೇ ಇದ್ದು ಆಮ್ಲಜನಕ ಮಾತ್ರ ದಿನಾ ಸ್ವಲ್ಪ ಸ್ವಲ್ಪ ಇಳಿದರೆ ಸೆನ್ಸರಿನ ಮುಖದ ಮೇಲೆ ಲೋಳೆ ಬೆಳೆದು, ಅದರೊಳಗಿನ ಜೀವಿಗಳು ಅಲ್ಲೇ ಉಸಿರಾಡುತ್ತಿವೆ.

ಲೋಳೆ, ಚಿಪ್ಪು, ಉಪ್ಪು

ನಮ್ಮ ಕಡೆಯ ಸಮುದ್ರ ಬೆಚ್ಚಗಿದೆ, ಹಾಗಾಗಿ ಎರಡು ಮೂರು ವಾರದಲ್ಲಿ ಎಲ್ಲದರ ಮೇಲೂ ಏನಾದರೂ ಬೆಳೆಯುತ್ತದೆ. ಮೊದಲು ಲೋಳೆ, ಆಮೇಲೆ ಬಾರ್ನಕಲ್ ಎನ್ನುವ ಗಟ್ಟಿ ಚಿಪ್ಪಿನ ಜೀವಿ. ಉಪ್ಪಿನಂಶ ಅಳೆಯುವ ಕೊಳವೆಯೊಳಗೆ ಇವು ಕೂತರೆ ವಾಹಕತೆ (ನೀರು ಎಷ್ಟು ವಿದ್ಯುತ್ ಹರಿಯಬಿಡುತ್ತದೆ ಎಂಬುದು) ಕಡಿಮೆ ಬರುತ್ತದೆ, ಅಂದರೆ ಸಮುದ್ರ ದಿನೇ ದಿನೇ ಸಿಹಿಯಾಗುತ್ತಿದೆ ಎಂದು ಡಬ್ಬ ವರದಿ ಮಾಡುತ್ತದೆ. ಮಳೆಗಾಲದಲ್ಲಿ ಹೊಳೆಗಳ ನೀರು ಬಂದು ನಿಜವಾಗಿಯೂ ಉಪ್ಪು ಇಳಿಯುತ್ತದೆ ನೋಡಿ, ಗೊಂದಲ ಇರುವುದೇ ಅಲ್ಲಿ. ಹೊಳೆ ನೀರಿನ ಇಳಿತ ಭರತದ ಜೊತೆ ಮೇಲೆ ಕೆಳಗೆ ಆಡುತ್ತದೆ, ಮಳೆ ನಿಂತರೆ ವಾಪಸ್ ಏರುತ್ತದೆ. ಲೋಳೆಯ ಇಳಿತಕ್ಕೆ ವಾಪಸ್ ಬರುವ ಅಭ್ಯಾಸವಿಲ್ಲ. ಸೆನ್ಸರ್ ಸುತ್ತ ತಾಮ್ರದ ಪಟ್ಟಿ ಸುತ್ತಿದರೆ ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಡಬ್ಬ ಅಲ್ಯೂಮಿನಿಯಂ ಆಗಿದ್ದರೆ ತಾಮ್ರ ಅದಕ್ಕೆ ತಾಗಬಾರದು. ತಾಗಿದರೆ ಉಪ್ಪುನೀರಿನಲ್ಲಿ ಅದೇ ಒಂದು ಬ್ಯಾಟರಿಯಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಉಪ್ಪಿನ ಸೆನ್ಸರನ್ನು ಸಮುದ್ರಕ್ಕೆ ಒಯ್ಯುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 20 ಲೀಟರ್ ನೀರಿಗೆ 700 ಗ್ರಾಂ ಅಡುಗೆ ಉಪ್ಪು ಕರಗಿಸಿ ಮುಳುಗಿಸಿ. 25 ಡಿಗ್ರಿಯಲ್ಲಿ ವಾಹಕತೆ ಸೆಂಟಿಮೀಟರಿಗೆ 50 ಮಿಲಿಸೀಮೆನ್ಸ್ ದಾಟಿ ಸ್ವಲ್ಪ ಮೇಲೆ ಬರಬೇಕು. ಇದು ಕ್ಯಾಲಿಬ್ರೇಶನ್ ಅಲ್ಲ. ಸೆನ್ಸರಿನ ವ್ಯಾಪ್ತಿ ಸರಿಯಾಗಿ ಹೊಂದಿಸಿದೆಯೇ ಎಂದು ನೋಡಲು ಅಷ್ಟೇ. ಮಾರಿಕಣಿವೆಯ ನೀರಿನಲ್ಲಿ ವಾಹಕತೆ ಒಂದು ಮಿಲಿಸೀಮೆನ್ಸ್ ಕೂಡ ಮುಟ್ಟುವುದಿಲ್ಲ, ಅಲ್ಲಿ ಎಲ್ಲ ಸೆನ್ಸರೂ ಜಾಣರೇ.

ಒಂದು ನೋಡ್ ಆಗಾಗ ಮಾಯವಾದರೆ

ಇದಕ್ಕೆ ಜಾಸ್ತಿ ತಾಳ್ಮೆ ಬೇಕು. ಮೊದಲು ಒಂದು ವಾರದ ಪ್ಯಾಕೆಟ್‌ಗಳನ್ನು, ಅಂದರೆ ನೋಡ್ ಕಳಿಸಿದ ಸಂದೇಶಗಳನ್ನು, ಗಂಟೆಯ ಪ್ರಕಾರ ಎಣಿಸಿ. ಯಾವ ಗಂಟೆಗೆ ಎಷ್ಟು ಬಂತು, ಎಷ್ಟು ಬರಲಿಲ್ಲ ಎಂದು ಇಪ್ಪತ್ನಾಲ್ಕು ಸಾಲು ಬರೆಯಿರಿ. ನಮೂನೆ ಅಲ್ಲೇ ಎದ್ದು ಕಾಣುತ್ತದೆ.

ಮಧ್ಯಾಹ್ನ ಕಡಿಮೆಯಾದರೆ ಬಿಸಿಲು ಕಾರಣ. ಮೇಲಿನ ನೀರು ಕಾದಾಗ ಅಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಅಡ್ಡಡ್ಡ ಹೋಗುವ ಶಬ್ದ ತಣ್ಣನೆಯ ಕಡೆಗೆ, ಅಂದರೆ ಕೆಳಕ್ಕೆ ಬಾಗುತ್ತದೆ. ಬೋಯ್‌ನ ಮೈಕು ಮೇಲ್ಪದರದಲ್ಲೇ ತೂಗುತ್ತಿದ್ದರೆ ಅದಕ್ಕೆ ಕೇಳುವುದಿಲ್ಲ. ಮೈಕನ್ನು ಐದಾರು ಮೀಟರ್ ಕೆಳಗಿಳಿಸಿದರೆ ಹಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ರಾತ್ರಿ ಹೊತ್ತು, ಅದರಲ್ಲೂ ಬಂಡೆ ಇರುವ ಕಡೆ ಕಡಿಮೆಯಾದರೆ ಸಿಗಡಿ ಜಾತಿಯ ಒಂದು ಪುಟ್ಟ ಪ್ರಾಣಿಯ ಕೆಲಸ. ಕೊಂಡಿಯನ್ನು ಚಟ್ ಎಂದು ಮುಚ್ಚಿ ಗುಳ್ಳೆ ಒಡೆಸುತ್ತದೆ. ಸಾವಿರಾರು ಸೇರಿದರೆ ಬಾಣಲೆಗೆ ಒಟ್ಟಿಗೆ ಮಿರ್ಚಿ ಬಿಟ್ಟ ಹಾಗೆ ಚಟಚಟ. ಈ ಸದ್ದು ನಮ್ಮ ಮೋಡೆಮ್ ಮಾತಾಡುವ ಕಿಲೋಹರ್ಟ್ಸ್‌ಗಳಲ್ಲೇ ಇರುತ್ತದೆ. ಅದನ್ನು ಓಡಿಸಲು ಆಗುವುದಿಲ್ಲ. ಸಂದೇಶ ಚಿಕ್ಕದು ಮಾಡಿ, ನಿಧಾನ ಮಾಡಿ, ಎರಡು ಸಲ ಕಳಿಸಿ. ಬೆಳಗಿನ ಜಾವ ಮಾತ್ರ ಕಡಿಮೆಯಾದರೆ ಬೋಟುಗಳ ಎಂಜಿನ್.

ನಮ್ಮೂರಿನ ಹತ್ತಿರ ಸೂಳೆಕೆರೆ ಇದೆ, ಆದರೆ ಈ ಪರೀಕ್ಷೆಗೆ ಅದರ ಆಳ ಸಾಲದು. ಅದಕ್ಕೇ ಮಾರಿಕಣಿವೆಗೆ ಹೋಗುವುದು. 1907ರಲ್ಲಿ ಮುಗಿದ ಅಣೆಕಟ್ಟು ಅದು. 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ನೀರು ತುಂಬಿ, ಗಾಳಿ ನಿಂತ ದಿನ ಅಲ್ಲಿ ಮೋಡೆಮ್ ಒಂದೂವರೆ ಕಿಲೋಮೀಟರ್ ಸಲೀಸಾಗಿ ಮಾತಾಡಿತು. ಸಮುದ್ರದಲ್ಲಿ 600 ಮೀಟರಿಗೆ ತೊದಲಿತು. ಉಪ್ಪುನೀರು ಶಬ್ದ ಹೀರುತ್ತದೆ, ಅದಕ್ಕೇ ಹೀಗೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ, ಲೆಕ್ಕ ಹಾಕಿ ನೋಡಿದರೆ ಅದು ಸಾಲುವುದಿಲ್ಲ. ಬೆಚ್ಚಗಿನ ಸಮುದ್ರದಲ್ಲಿ 25 ಕಿಲೋಹರ್ಟ್ಸ್‌ಗೆ ಕಿಲೋಮೀಟರಿಗೆ ಸುಮಾರು ಮೂರು ಡೆಸಿಬೆಲ್ ನಷ್ಟ, ಅಷ್ಟೇ. ಉಳಿದದ್ದೆಲ್ಲ ಗದ್ದಲ, ಅಲೆಯ ಗುಳ್ಳೆ, ಮತ್ತು ಆಳ ಕಡಿಮೆ ಇರುವ ಕಡೆ ತಳಕ್ಕೂ ಮೇಲಕ್ಕೂ ಬಡಿದು ಬರುವ ಪ್ರತಿಧ್ವನಿ. ಹಾಗಾಗಿ ಮೋಡೆಮ್‌ನ ಪವರ್ ಹೆಚ್ಚಿಸಿದರೆ ಪ್ರತಿಧ್ವನಿಯೂ ಅಷ್ಟೇ ಹೆಚ್ಚುತ್ತದೆ, ಬ್ಯಾಟರಿ ಖಾಲಿಯಾಗುವುದೊಂದೇ ಲಾಭ. ನೋಡ್‌ಗಳನ್ನು ಹತ್ತಿರ ತನ್ನಿ.

ಮೋಡೆಮ್ ತೋರಿಸುವ ದೂರ ತಪ್ಪಾದರೆ ಶಬ್ದದ ವೇಗ ನೋಡಿ. 25 ಡಿಗ್ರಿಯ ಸಿಹಿನೀರಿಗೆ ಸೆಕೆಂಡಿಗೆ 1497 ಮೀಟರ್, 28 ಡಿಗ್ರಿಯ ಸಮುದ್ರಕ್ಕೆ ಸುಮಾರು 1540. ಹಳೇ ಸಂಖ್ಯೆ ಬಿಟ್ಟರೆ ಒಂದು ಕಿಲೋಮೀಟರಿಗೆ 28 ಮೀಟರ್ ಕಡಿಮೆ ತೋರಿಸುತ್ತದೆ.

ಎರಡು ನೋಡ್ ಜೋಡಿಯಾಗಿ ಕೆಟ್ಟರೆ? ಮೊದಲ ಎರಡು ವಾರ ಚೆನ್ನಾಗಿದ್ದು ಆಮೇಲೆ ಮೂರನೆಯದೂ ನಾಲ್ಕನೆಯದೂ ಒಟ್ಟಿಗೆ ಕೈಕೊಟ್ಟರೆ ಗಡಿಯಾರ ಜಾರಿದೆ. ಪ್ರತಿ ನೋಡಿಗೂ ಮಾತಾಡಲು ಒಂದು ಸರದಿ ಕೊಟ್ಟಿರುತ್ತೇವೆ. ಸಾದಾ ಕ್ರಿಸ್ಟಲ್ ಗಡಿಯಾರ ದಿನಕ್ಕೆ ಒಂದೂ ಮುಕ್ಕಾಲು ಸೆಕೆಂಡಿನವರೆಗೆ ತಪ್ಪಬಹುದು, ತಿಂಗಳಿಗೆ ಐವತ್ತು ಸೆಕೆಂಡ್. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಡಿಎಸ್3231 ಥರದ ಉಷ್ಣತೆ ಸರಿದೂಗಿಸುವ ಗಡಿಯಾರ ಹಾಕಿದರೂ ತಿಂಗಳಿಗೆ ಐದು ಸೆಕೆಂಡ್ ಹೋಗಬಹುದು. ನೀರೊಳಗೆ ಜಿಪಿಎಸ್ ಸಿಗುವುದಿಲ್ಲ, ಬೋಯ್‌ನಲ್ಲಿ ಸಿಗುತ್ತದೆ. ಬೋಯ್ ದಿನಕ್ಕೊಮ್ಮೆ ಸಮಯ ಕೂಗಿ ಹೇಳಲಿ.

ಇನ್ನು ಮಾತಾಡಲು ಶುರು ಮಾಡಿದ ಕ್ಷಣಕ್ಕೇ ನೋಡ್ ರೀಸೆಟ್ ಆಗುವ ರೋಗ. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ ಪೂರ್ತಿ ಇದೆ ಎನ್ನುತ್ತದೆ. ಸುಮ್ನೆ ಕೂತ ಬ್ಯಾಟರಿಯ ವೋಲ್ಟೇಜ್ ನೋಡಿ ಏನು ಪ್ರಯೋಜನ? ಮೋಡೆಮ್ ಕೂಗುವಾಗ ಅಳೆಯಿರಿ. ಲೀಥಿಯಂ ಥಯೋನಿಲ್ ಕ್ಲೋರೈಡ್ ಸೆಲ್‌ಗಳು ತಿಂಗಳುಗಟ್ಟಲೆ ಬಳಸದೆ ಇಟ್ಟರೆ ಒಳಗೆ ಒಂದು ಪದರ ಕಟ್ಟಿಕೊಳ್ಳುತ್ತವೆ, ಮೊದಲ ಸಲ ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ನೀರಿಗೆ ಬಿಡುವ ಮೊದಲು ಸ್ವಲ್ಪ ಹೊತ್ತು ಸಣ್ಣ ಲೋಡ್ ಕೊಟ್ಟು ಎಬ್ಬಿಸಿ, ಜೊತೆಗೊಂದು ದೊಡ್ಡ ಕೆಪಾಸಿಟರ್ ಇಡಿ.

ಡಬ್ಬದೊಳಗೆ ನೀರು ಕಂಡರೆ

ಆ ನೀರು ಎಲ್ಲಿಯದು ಎಂಬುದೇ ಮೊದಲ ಪ್ರಶ್ನೆ. ಆರ್‌ಒ ಫಿಲ್ಟರ್ ಹಾಕಲು ಬರುವವರು ಜೇಬಿನಲ್ಲಿ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಪೆನ್ನು ಇಟ್ಟುಕೊಂಡಿರುತ್ತಾರಲ್ಲ, ಅಂಥದ್ದೊಂದು ಕೊಂಡುಕೊಳ್ಳಿ. ಒಳಗಿನ ನೀರಿಗೆ ಅದ್ದಿ. ಹತ್ತಿಪ್ಪತ್ತು ಬಂದರೆ ಅದು ಗಾಳಿಯ ತೇವ ತಣ್ಣಗಾಗಿ ಇಳಿದದ್ದು. ಪೆನ್ನಿನ ಲೆಕ್ಕವೇ ಮೀರಿ ಹೋದರೆ ಸಮುದ್ರ ಒಳಗೆ ಬಂದಿದೆ.

ತೇವವಾದರೆ ಡಬ್ಬ ಎಲ್ಲಿ ಮುಚ್ಚಿದಿರಿ ಎಂದು ನೆನಪಿಸಿಕೊಳ್ಳಿ. ನಾನು ಒಮ್ಮೆ ಇಲ್ಲಿಂದ ಒಂದು ಚೀಲ ಮಂಡಕ್ಕಿ ಒಯ್ದಿದ್ದೆ. ಮಲ್ಪೆಯಲ್ಲಿ ಚೀಲ ಬಿಚ್ಚಿ ಚಹಾ ಬರುವಷ್ಟರಲ್ಲಿ ಗರಿಗರಿ ಹೋಗಿ ಮೆತ್ತಗಾಗಿತ್ತು. ಅದೇ ದಿನ ಅದೇ ಗಾಳಿಯಲ್ಲಿ ಡಬ್ಬದ ಮುಚ್ಚಳ ತೆಗೆದು ಹಾಕಿದ್ದೆ, ಆ ತೇವವನ್ನೂ ಸೇರಿಸಿ ಮುಚ್ಚಿದ ಹಾಗಾಯಿತು. ಡಬ್ಬ ಮುಚ್ಚುವುದು ಘಟ್ಟದ ಮೇಲಿನ ಕೆಲಸ. ಬಯಲುಸೀಮೆಯ ಒಣ ಗಾಳಿಯಲ್ಲಿ, ಬಿಸಿಲು ಇರುವ ದಿನ, ಹೊಸ ಸಿಲಿಕಾ ಜೆಲ್ ಹಾಕಿ ಮುಚ್ಚಿ. ಕೆಳಗೆ ತೆಗೆಯದೇ ಕೆಲಸ ನಡೆಯುವಂತೆ ಸ್ವಿಚ್ಚನ್ನು ಹೊರಗಿಂದ ಅಯಸ್ಕಾಂತದಿಂದ ಆಡಿಸುವ ಹಾಗೆ ಇಡಿ.

ಸಮುದ್ರದ ನೀರಾದರೆ ಎಲ್ಲರೂ ಮೊದಲು ಓ-ರಿಂಗ್, ಅಂದರೆ ಮುಚ್ಚಳದ ರಬ್ಬರ್ ಬಳೆ ನೋಡುತ್ತಾರೆ. ನೋಡಿ, ಒಂದು ಕೂದಲೆಳೆ ಸಾಕು. ಆದರೆ ಓ-ರಿಂಗ್ ಚೆನ್ನಾಗಿದ್ದೂ ನೀರು ಬಂದರೆ? ನನಗೆ ಉತ್ತರ ಕೊಟ್ಟಿದ್ದು ಹಿರಿಯೂರಿನ ಕಡೆಯ ಒಬ್ಬ ಬೋರ್‌ವೆಲ್ ಮೋಟರ್ ಮೆಕ್ಯಾನಿಕ್. ಸಾವಿರ ಅಡಿ ಕೆಳಗೆ ಮೋಟರ್ ಇಳಿಸುವವರು, ಅವರಿಗಿಂತ ನೀರಿನ ಒತ್ತಡ ಗೊತ್ತಿರುವವರು ಬೇಕೆ? ಕೇಬಲ್ ತಿರುಗಿಸಿ ತಿರುಗಿಸಿ ನೋಡಿ, "ಸಾರ್, ನೀರು ಮುಚ್ಚಳದಾಗಿಂದ ಬಂದಿಲ್ಲ, ವೈರ್ ಒಳಗಿಂದ ಬಂದೈತೆ" ಎಂದರು. ಕೇಬಲ್ಲಿನ ಹೊರ ರಬ್ಬರಿನಲ್ಲಿ ಎಲ್ಲೋ ಒಂದು ಗೀರು ಇತ್ತು. ಅಲ್ಲಿಂದ ಒಳಹೊಕ್ಕ ನೀರು ತಾಮ್ರದ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರಿ, ಸೀಲನ್ನೆಲ್ಲ ದಾಟಿ ಸೀದಾ ಸರ್ಕ್ಯೂಟ್ ಮೇಲೆ ಇಳಿದಿತ್ತು. ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ ಅವರ ಮೆಗ್ಗರನ್ನೇ ಹಾಕಿ ನೋಡಿದೆವು. ಒಳ್ಳೆ ಕೇಬಲ್ ನೂರಾರು ಮೆಗಾಓಮ್ ಕೊಡಬೇಕು, ಇದು ಅರ್ಧ ಮೆಗಾಓಮ್ ಕೊಟ್ಟಿತು. ಮೆಗ್ಗರ್ ಹಾಕುವ ಮೊದಲು ಕೇಬಲ್ಲಿನ ಎರಡೂ ತುದಿ ಬಿಡಿಸಿ. ಅದು ಬಿಡುವ 500 ವೋಲ್ಟಿಗೆ ಸೆನ್ಸರ್ ಉಳಿಯುವುದಿಲ್ಲ. ಕೇಬಲ್ಲನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ರಾತ್ರಿ ನೆನೆಸಿಟ್ಟು ಬೆಳಗ್ಗೆ ಅಳೆದರೆ ಅಡಗಿದ ಗೀರೂ ಸಿಕ್ಕಿಬೀಳುತ್ತದೆ. ಈಗ ಡಬ್ಬದೊಳಗೆ ಹೋಗುವ ಜಾಗದಲ್ಲಿ ಎಳೆಗಳನ್ನು ಬಿಚ್ಚಿ, ಬೆಸುಗೆಯ ಸೀಸ ಕುಡಿಸಿ, ಮೇಲೆ ಎಪಾಕ್ಸಿ ಸುರಿಯುತ್ತೇವೆ. ಅದೇ ಮೆಕ್ಯಾನಿಕ್ ಹೇಳಿಕೊಟ್ಟಿದ್ದು.

ಖಾಲಿ ಡಬ್ಬದ ಪರೀಕ್ಷೆಗೆ ಪ್ಲಂಬರುಗಳು ಪೈಪ್‌ಲೈನ್ ಪರೀಕ್ಷಿಸುವ ಕೈಪಂಪು ಸಾಕು. ದಪ್ಪ ಸ್ಟೀಲ್ ಕೊಳವೆಯಲ್ಲಿ ನೀರು ತುಂಬಿ, ಒಳಗೆ ಟಿಶ್ಯೂ ಪೇಪರ್ ಇಟ್ಟ ಡಬ್ಬ ಮುಳುಗಿಸಿ, 4 ಬಾರ್ ಏರಿಸಿ ರಾತ್ರಿ ಬಿಡಿ. ಹತ್ತು ಮೀಟರಿಗೆ ಒಂದು ಬಾರ್, ನಮ್ಮ 18 ಮೀಟರಿಗೆ ಇದು ಎರಡು ಪಟ್ಟಿಗಿಂತ ಜಾಸ್ತಿ. ಕೊಳವೆಯೊಳಗೆ ಗಾಳಿ ಉಳಿಯದಂತೆ ನೋಡಿಕೊಳ್ಳಿ, ಒತ್ತಿದ ಗಾಳಿ ಅಪಾಯ.

ಮೇಲೆ ಎತ್ತಿದ ಮೇಲೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಸಮುದ್ರವೂ ಕೆರಳಿರುತ್ತದೆ. ಎತ್ತಬೇಕಾದ ನೋಡ್ ಇದ್ದರೆ ಮೇ ಮುಗಿಯುವ ಮೊದಲೇ ಎತ್ತಿ. ಆಗಸ್ಟಿಗೆ ಬಲೆಗಳು ಮತ್ತೆ ತಳ ಗುಡಿಸಲು ಶುರುಮಾಡುತ್ತವೆ.

ದಾವಣಗೆರೆಯಲ್ಲಿ ಮುಚ್ಚಿದ ಡಬ್ಬ ಮಲ್ಪೆಯಲ್ಲಿ ತೆಗೆಯಲು ಬರುವುದಿಲ್ಲ, ಇದು ಆಗಲೇಬೇಕಾದದ್ದು. ಒಳಗೆ ನಮ್ಮೂರಿನ 943ರ ಗಾಳಿ, ಹೊರಗೆ 1010. ಹದಿನೈದು ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ 12 ಕೆಜಿ ಕೂತ ಹಾಗೆ. ಅಂಟಿಕೊಂಡಿದೆ ಎಂದು ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಓ-ರಿಂಗ್ ಕೂರುವ ಜಾಗಕ್ಕೆ ಗೀರು ಬಿದ್ದು ಮುಂದಿನ ಸಲ ಅಲ್ಲಿಂದಲೇ ಸೋರುತ್ತದೆ, ನಾನು ಒಂದು ಡಬ್ಬ ಹೀಗೇ ಹಾಳು ಮಾಡಿದ್ದೇನೆ. ಪಕ್ಕದಲ್ಲಿ ಗಾಳಿ ಬಿಡುವ ಒಂದು ಸಣ್ಣ ಸ್ಕ್ರೂ ಇಟ್ಟಿರಬೇಕು. ಅದನ್ನು ಮುಖದಿಂದ ದೂರ ಹಿಡಿದು, ನಿಧಾನವಾಗಿ ಸಡಿಲಿಸಿ, ಕಿವಿ ಕೊಡಿ. ಸುಯ್ ಎಂದು ಗಾಳಿ ಒಳಗೆ ಹೋದರೆ ನೀರಿನಲ್ಲಿದ್ದಷ್ಟು ದಿನವೂ ಸೀಲ್ ಹಿಡಿದಿತ್ತು, ಆ ಡಬ್ಬದಲ್ಲಿ ಸೋರಿಕೆ ಹುಡುಕುತ್ತಾ ಕೂರಬೇಡಿ. ಸದ್ದೇ ಇಲ್ಲದಿದ್ದರೆ ಎಲ್ಲೋ ಗಾಳಿ ಆಡಿದೆ, ಟಿಡಿಎಸ್ ಪೆನ್ನು ತೆಗೆಯಿರಿ. ಗಾಳಿ ಹೊರಗೆ ನುಗ್ಗಿದರೆ ಮಾತ್ರ ಸ್ಕ್ರೂ ಅಲ್ಲಿಗೇ ಬಿಟ್ಟು ಹಿಂದೆ ಸರಿಯಿರಿ. ಆಳದಲ್ಲಿ ನೀರು ಹೊಕ್ಕು ಒಳಗೆ ಒತ್ತಡ ಕೂತಿದೆ, ಅಥವಾ ಲೀಥಿಯಂ ಸೆಲ್‌ಗೆ ನೀರು ತಾಗಿ ಅನಿಲ ಬರುತ್ತಿದೆ. ಅದಕ್ಕೇ ಸ್ಕ್ರೂ ಮುಟ್ಟುವ ಮೊದಲೇ ಡಬ್ಬವನ್ನು ಬಯಲಲ್ಲಿ, ಜನರಿಂದ ದೂರ, ಮುಚ್ಚಳ ಯಾರ ಕಡೆಗೂ ತಿರುಗದಂತೆ ಮಲಗಿಸಿರಬೇಕು. ಆ ಸದ್ದು ಪೂರ್ತಿ ನಿಂತು ಒಂದು ಗಂಟೆಯಾಗುವವರೆಗೆ ಹತ್ತಿರ ಹೋಗಬೇಡಿ.